ಅದಿರು ಪಕ್ಕದ ಗುಡ್ಡದಲ್ಲಿ, ಕಲ್ಲಿದ್ದಲು ಕಡಲಾಚೆ: ಕೊಪ್ಪಳದ ಒಂದು ಸ್ಪಂಜ್ ಐರನ್ ಕಾರ್ಖಾನೆಯ 2022

2022ರ ಮಾರ್ಚ್ ಎರಡನೇ ವಾರ. ಬೆಳಿಗ್ಗೆ ಏಳೂವರೆಗೆ ನೆಲ್ಲೂರಿನಿಂದ ಫೋನ್ ಬಂತು. ಕಲ್ಲಿದ್ದಲು ವ್ಯಾಪಾರಿಯ ಕಡೆಯ ಗುಮಾಸ್ತ. ದಿನಾ ಅರ್ಧ ತಾಸು ಹರಟುತ್ತಿದ್ದವನು ಆವತ್ತು ಒಂದೇ ಮಾತು ಹೇಳಿದ: "ಷಿಪ್ ಡೈವರ್ಟ್ ಅಯಿಪೋಯಿಂದಿ ಸಾರ್." ಕೃಷ್ಣಪಟ್ಟಣಂ ಬಂದರಿಗೆ ಬರಬೇಕಿದ್ದ ಹಡಗು ಬೇರೆ ಕಡೆ ತಿರುಗಿತ್ತು. ಅದರೊಳಗಿನ ದಕ್ಷಿಣ ಆಫ್ರಿಕಾ ಕಲ್ಲಿದ್ದಲಿನಲ್ಲಿ ನಮ್ಮ ಪಾಲು 3,000 ಟನ್. ಮುಂಗಡ ಕಟ್ಟಿ ಇಪ್ಪತ್ತು ದಿನ ಆಗಿತ್ತು. ಫೋನ್ ಇಟ್ಟು ಅಂಗಳಕ್ಕೆ ಹೋಗಿ ಕಲ್ಲಿದ್ದಲಿನ ರಾಶಿ ನೋಡಿದೆ. ಹೆಚ್ಚೆಂದರೆ ಹನ್ನೊಂದು ದಿನಕ್ಕೆ ಆಗುತ್ತಿತ್ತು.

ಆಗ ನಾನು ಗಿಣಿಗೇರಾ ಹತ್ತಿರದ ಒಂದು ಸ್ಪಂಜ್ ಐರನ್ ಕಾರ್ಖಾನೆಯಲ್ಲಿ ಖರೀದಿ ನೋಡಿಕೊಳ್ಳುತ್ತಿದ್ದೆ. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಬಳ್ಳಾರಿ, ಕೊಪ್ಪಳ ಭಾಗದ ಇಂಥ ಸಣ್ಣ ಕಾರ್ಖಾನೆಗಳಲ್ಲಿ ಆ ವರ್ಷ ಯಾವುದನ್ನು ಹೊಕ್ಕು ನೋಡಿದ್ದರೂ ಕತೆ ಹೆಚ್ಚುಕಡಿಮೆ ಇದೇ. ಪೂರೈಕೆ ಸರಪಳಿ, ದೇಶ ದೇಶಗಳ ನಡುವೆ ವ್ಯಾಪಾರ ಕಡಿದುಕೊಳ್ಳುವುದು ಎಂದು ಪತ್ರಿಕೆಗಳಲ್ಲಿ ಬಹಳ ಓದುತ್ತೇವೆ. ಅಮೆರಿಕ, ಚೀನಾ, ರಷ್ಯಾ, ಮೊಬೈಲ್ ಚಿಪ್ಪು ಎಂದು ಅಲ್ಲೇ ಮಾತು ಸುತ್ತುತ್ತದೆ. ಆ ಕಡಿತ ಒಂದು ಕಿಲ್ನ್‌ನ, ಅಂದರೆ ಅದಿರು ಕಾಯಿಸುವ ಕುಲುಮೆಯ, ಬಾಯಿಗೆ ಬಂದು ತಲುಪುವುದು ಹೇಗೆ ಎಂಬುದನ್ನು ಕಣ್ಣಾರೆ ಕಂಡವರು ಬರೆದಿದ್ದು ಕಡಿಮೆ. ಅದಕ್ಕೇ ಇದನ್ನು ಮೊದಲಿನಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ.

ಕಿಲ್ನ್ ಏನು ತಿನ್ನುತ್ತದೆ

ನಮ್ಮಲ್ಲಿ ದಿನಕ್ಕೆ 100 ಟನ್ ಸಾಮರ್ಥ್ಯದ ಎರಡು ಕಿಲ್ನ್. ಒಂದೊಂದೂ 42 ಮೀಟರ್ ಉದ್ದ, 3 ಮೀಟರ್ ಅಗಲದ ಉಕ್ಕಿನ ಕೊಳವೆ. ಒಳಗೆ ಬೆಂಕಿ ತಡೆಯುವ ಲೈನಿಂಗ್. ಸ್ವಲ್ಪ ಇಳಿಜಾರಾಗಿ ಮಲಗಿ, ಎರಡು ನಿಮಿಷಕ್ಕೆ ಒಂದು ಸುತ್ತು ಎಂಬಂತೆ ನಿಧಾನ ತಿರುಗುತ್ತದೆ. ಮೇಲಿನ ತುದಿಯಿಂದ ಅದಿರು, ಕಲ್ಲಿದ್ದಲು, ಸ್ವಲ್ಪ ಡೋಲೋಮೈಟ್ ಹಾಕುತ್ತಾರೆ. ಕೆಳಗಿನ ತುದಿಯಿಂದ ಗಾಳಿಯ ಜೊತೆ ಸಣ್ಣ ಕಲ್ಲಿದ್ದಲು ಊದುತ್ತಾರೆ. ಸಾವಿರ ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲಿ ಕಲ್ಲಿದ್ದಲಿನ ಇಂಗಾಲ ಅದಿರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಅದಿರು ಕರಗುವುದಿಲ್ಲ, ಗಟ್ಟಿಯಾಗಿಯೇ ಕಬ್ಬಿಣವಾಗುತ್ತದೆ. ಒಳಗೆಲ್ಲ ತೂತು ತೂತು, ಅದಕ್ಕೇ ಸ್ಪಂಜ್ ಎಂಬ ಹೆಸರು. ತಣ್ಣಗಾದ ಮೇಲೆ ಅಯಸ್ಕಾಂತದಿಂದ ಕಬ್ಬಿಣ ಬೇರೆ, ಚಾರ್ (ಸುಡದೆ ಉಳಿದ ಕಲ್ಲಿದ್ದಲು) ಬೇರೆ ಮಾಡುತ್ತಾರೆ. ಆ ಸ್ಪಂಜ್ ಹಿಂದೂಪುರ, ಹೈದರಾಬಾದ್ ಕಡೆಯ, ವಿದ್ಯುತ್ತಿನಿಂದ ಕಬ್ಬಿಣ ಕರಗಿಸುವ ಇಂಡಕ್ಷನ್ ಫರ್ನೇಸ್‌ಗಳಿಗೆ ಹೋಗಿ ಬಿಲ್ಲೆಟ್ ಎಂಬ ಉಕ್ಕಿನ ದಿಮ್ಮಿಯಾಗಿ, ಆಮೇಲೆ ಮನೆ ಕಟ್ಟುವ ಕಬ್ಬಿಣದ ಸರಳಾಗುತ್ತದೆ.

ಒಂದು ಟನ್ ಸ್ಪಂಜ್‌ಗೆ ಸುಮಾರು 1.6 ಟನ್ ಅದಿರು ಬೇಕು. ಒಳ್ಳೆಯ ಕಲ್ಲಿದ್ದಲಾದರೆ ಒಂದು ಟನ್ ಆಸುಪಾಸು ಸಾಕು, ಬೂದಿ ಹೆಚ್ಚಿದ್ದರೆ ಇನ್ನೂ ಅರ್ಧ ಟನ್ ಜಾಸ್ತಿ ಬೇಡುತ್ತದೆ. ಅದಿರಿನ ಚಿಂತೆ ನಮಗೆ ಅಷ್ಟಿರಲಿಲ್ಲ. ಸಂಡೂರು ಗುಡ್ಡ ಲಾರಿಗೆ ಒಂದೂವರೆ, ಎರಡು ತಾಸಿನ ದಾರಿ. ಇ-ಹರಾಜಿನಲ್ಲಿ ಹಿಡಿದರೆ ಮಾಲು ಬಂದೇ ಬರುತ್ತಿತ್ತು. ಕಲ್ಲಿದ್ದಲು ಹಾಗಲ್ಲ. ನಮ್ಮ ದೇಶದಲ್ಲಿ ಕಲ್ಲಿದ್ದಲಿಗೆ ಕೊರತೆಯಿಲ್ಲ ನಿಜ, ಆದರೆ ನಮಗೆ ಹತ್ತಿರವಾದ ತೆಲಂಗಾಣದ ಸಿಂಗರೇಣಿ ಮಾಲಿನಲ್ಲಿ ಬೂದಿ ಎಷ್ಟೋ ಸಲ ಶೇ. 30 ದಾಟುತ್ತದೆ. ದಕ್ಷಿಣ ಆಫ್ರಿಕಾದ ಕಲ್ಲಿದ್ದಲಿನಲ್ಲಿ ಬೂದಿ ಕಡಿಮೆ, ಗಂಧಕ ಕಡಿಮೆ, ಇಂಗಾಲ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿ ಲಾರಿಯಲ್ಲೂ ಒಂದೇ ಗುಣ. ಕಿಲ್ನ್ ನಡೆಸುವವನಿಗೆ ಆ ಒಂದೇ ಗುಣ ಬಹಳ ದೊಡ್ಡದು. ಹೀಗಾಗಿ ಹತ್ತಾರು ವರ್ಷದಿಂದ ಈ ಭಾಗದ ಕಿಲ್ನ್‌ಗಳು ಆಫ್ರಿಕಾ ಮಾಲಿಗೇ ಒಗ್ಗಿಹೋಗಿದ್ದವು.

ಕೃಷ್ಣಪಟ್ಟಣಂ, ಮರ್ಮಗೋವಾ ಬಂದರುಗಳಲ್ಲಿ ದೊಡ್ಡ ವ್ಯಾಪಾರಿಗಳು ಹಡಗುಗಟ್ಟಲೆ ತರಿಸಿ ರಾಶಿ ಹಾಕುತ್ತಾರೆ. ನಮ್ಮಂಥವರು ಅದರಲ್ಲಿ ಎರಡು ಸಾವಿರ, ಮೂರು ಸಾವಿರ ಟನ್ ಬಿಡಿಯಾಗಿ ಎತ್ತುತ್ತೇವೆ. ವಾಟ್ಸಾಪ್‌ನಲ್ಲಿ ದರ, ಫೋನಿನಲ್ಲಿ ಒಪ್ಪಂದ, ಆಮೇಲೆ ಮುಂಗಡ ಬಿಲ್ಲಿನಂಥ ಒಂದು ಪ್ರೊಫಾರ್ಮಾ ಇನ್‌ವಾಯ್ಸ್. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಹಡಗು ಬಂದರಷ್ಟೇ' ಎಂಬ ಒಂದು ಸಾಲು. ಆರು ವರ್ಷ ಆ ಸಾಲನ್ನು ನಾನು ಓದಿ ಬಿಟ್ಟಿದ್ದೆ. ಮಾರ್ಚ್‌ನ ಆ ಬೆಳಿಗ್ಗೆ ವ್ಯಾಪಾರಿ ಅದನ್ನೇ ತೋರಿಸಿದ. ಮುಂಗಡ ಎರಡೇ ದಿನದಲ್ಲಿ ವಾಪಸ್ ಬಂತು, ಒಂದು ಪೈಸೆ ಮುರಿದುಕೊಳ್ಳದೆ. ಜಗಳ ತೆಗೆಯಲು ಕಾಗದದಲ್ಲಿ ನಮಗೆ ಏನೂ ಹಿಡಿತ ಇರಲಿಲ್ಲ. ಆ ತಪ್ಪು ನನ್ನದು.

ಹಡಗು ಯಾಕೆ ತಿರುಗಿತು

ಆಗ ನಮಗೆ ತಿಳಿದದ್ದು ಅಷ್ಟಿಷ್ಟೇ. ಯುದ್ಧ, ಅದಕ್ಕೇ ದರ ಏರಿತು, ಅಷ್ಟೇ. ಆಮೇಲೆ ಒಂದೊಂದೇ ಎಳೆ ಕೂಡಿಸಿದಾಗ ಚಿತ್ರ ಸ್ಪಷ್ಟವಾಯಿತು.

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನ್ ಮೇಲೆ ಬಿತ್ತು. ಯುರೋಪ್ ಒಕ್ಕೂಟ ಹೊರಗಿನಿಂದ ತರಿಸುತ್ತಿದ್ದ ಕಲ್ಲಿದ್ದಲಿನಲ್ಲಿ ಶೇ. 45ರಷ್ಟು ರಷ್ಯಾದ್ದೇ ಆಗಿತ್ತು. ಕಾನೂನು ಬರುವ ಮೊದಲೇ ಅಲ್ಲಿನ ಕಂಪನಿಗಳು ರಷ್ಯಾದ ಮಾಲು ಮುಟ್ಟಲು ಹಿಂಜರಿದವು. ಬ್ಯಾಂಕು ಹಣ ಕೊಡುವುದಿಲ್ಲ, ವಿಮೆ ಕಂಪನಿ ಹಡಗಿಗೆ ವಿಮೆ ಮಾಡುವುದಿಲ್ಲ. ಏಪ್ರಿಲ್ 8ರಂದು ಒಕ್ಕೂಟ ರಷ್ಯಾ ಕಲ್ಲಿದ್ದಲಿಗೆ ಅಧಿಕೃತ ನಿಷೇಧ ಘೋಷಿಸಿತು. ಹಳೆಯ ಒಪ್ಪಂದ ಮುಗಿಸಿಕೊಳ್ಳಲು ಆಗಸ್ಟ್ 10ರವರೆಗೆ ಗಡುವು. ಹಾಗಾದರೆ ಅವರ ವಿದ್ಯುತ್ ಸ್ಥಾವರಗಳಿಗೆ ಕಲ್ಲಿದ್ದಲು ಎಲ್ಲಿಂದ? ಕೊಲಂಬಿಯಾ, ಅಮೆರಿಕ, ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದ ರಿಚರ್ಡ್ಸ್ ಬೇ ಬಂದರು. ಬಹಳ ವರ್ಷ ರಿಚರ್ಡ್ಸ್ ಬೇ ಮಾಲು ಹೆಚ್ಚಾಗಿ ಏಷ್ಯಾದ ಕಡೆಗೇ ಬರುತ್ತಿತ್ತು, ಭಾರತವೇ ದೊಡ್ಡ ಗಿರಾಕಿ. 2022ರಲ್ಲಿ ಅಲ್ಲಿಂದ ಯುರೋಪಿಗೆ ಹೋದ ಮಾಲು ಹಿಂದಿನ ವರ್ಷಕ್ಕಿಂತ ಹಲವು ಪಟ್ಟು ಏರಿತು.

ಅಲ್ಲಿ ಹೆಚ್ಚು ಮಾಲು ತೆಗೆದು ಇಬ್ಬರಿಗೂ ಕೊಡಬಹುದಿತ್ತಲ್ಲ ಎಂದು ಯಜಮಾನರು ಕೇಳಿದ್ದರು. ಪ್ರಶ್ನೆ ಸರಿ ಇತ್ತು. ಉತ್ತರ ಹಳಿಯ ಮೇಲಿತ್ತು. ರಿಚರ್ಡ್ಸ್ ಬೇ ಟರ್ಮಿನಲ್‌ನ ಸಾಮರ್ಥ್ಯ ವರ್ಷಕ್ಕೆ 9.1 ಕೋಟಿ ಟನ್. 2022ರಲ್ಲಿ ಅಲ್ಲಿಂದ ಹೊರಟದ್ದು 5 ಕೋಟಿ ಟನ್ ಚಿಲ್ಲರೆ. ಗಣಿಯಲ್ಲಿ ಕಲ್ಲಿದ್ದಲು ಬಿದ್ದಿದೆ, ಬಂದರಿಗೆ ತರುವ ರೈಲು ಇಲ್ಲ. ಹಳಿ ಉದ್ದಕ್ಕೂ ತಾಮ್ರದ ತಂತಿ ಕಳವು. ಸರ್ಕಾರಿ ರೈಲು ಕಂಪನಿ ಟ್ರಾನ್ಸ್‌ನೆಟ್ 2014ರಲ್ಲಿ 1,064 ಎಂಜಿನ್‌ಗಳಿಗೆ ಗುತ್ತಿಗೆ ಕೊಟ್ಟಿತ್ತು. ಅದರಲ್ಲಿ ಭ್ರಷ್ಟಾಚಾರದ ಆರೋಪ ಬಂದು, ಚೀನಾದ ಎಂಜಿನ್ ತಯಾರಕರ ಜೊತೆ ವ್ಯಾಜ್ಯ ಬೆಳೆದು, ಬಿಡಿಭಾಗ ನಿಂತು, ನೂರಾರು ಎಂಜಿನ್ ಸಾಲಾಗಿ ನಿಂತಿದ್ದವು. ಇರುವ ಸ್ವಲ್ಪ ಮಾಲಿಗೆ ಜರ್ಮನಿ, ನೆದರ್ಲೆಂಡ್ಸ್ ಒಂದು ಕಡೆ, ಗಿಣಿಗೇರಾ ಇನ್ನೊಂದು ಕಡೆ.

ಇದಕ್ಕೂ ಮೊದಲೇ ಒಂದು ಎಚ್ಚರಿಕೆ ಬಂದಿತ್ತು. ಇಂಡೋನೇಷ್ಯಾ ತನ್ನ ವಿದ್ಯುತ್ ಸ್ಥಾವರಗಳಿಗೇ ಸಾಲದು ಎಂದು 2022ರ ಜನವರಿಯಲ್ಲಿ ಕಲ್ಲಿದ್ದಲು ರಫ್ತು ನಿಲ್ಲಿಸಿತ್ತು. ನಾವು ಇಂಡೋನೇಷ್ಯಾ ಮಾಲು ಬಳಸುತ್ತಿರಲಿಲ್ಲ. 'ನಮಗೇನಾಗುತ್ತದೆ' ಎಂದುಕೊಂಡೆವು. ಆದರೆ ಅದನ್ನು ನಂಬಿದ್ದವರೆಲ್ಲ ಬೇರೆ ಬಂದರಿನತ್ತ ತಿರುಗಿದರು, ಆಫ್ರಿಕಾ ಮಾಲಿನ ದರವೂ ಏರಿತು. ಆಗಲೇ ಒಂದು ತಿಂಗಳ ದಾಸ್ತಾನು ಮಾಡೋಣ ಎಂದು ನಾನು ಹೇಳಿದ್ದೆ. ಯಜಮಾನರು ಬ್ಯಾಂಕಿನ ಓವರ್‌ಡ್ರಾಫ್ಟ್ ಮಿತಿ ನೋಡಿ, "ಇಳೀತದ ಬಿಡಪ್ಪ, ಇಷ್ಟು ದಿನ ಹಿಂಗ ಆಗಿಲ್ಲ" ಎಂದರು. ಅವರನ್ನು ದೂರಲಾರೆ. ಆ ಮಾತಿಗೆ ನಾನೂ ಒಪ್ಪಿದ್ದೆ.

2021ರ ಆರಂಭದಲ್ಲಿ ರಿಚರ್ಡ್ಸ್ ಬೇ ದರ ಟನ್ನಿಗೆ 100 ಡಾಲರ್ ಆಸುಪಾಸು. 2022ರ ಮಾರ್ಚ್‌ನಲ್ಲಿ ಅದು 400 ಡಾಲರ್ ದಾಟಿತು. ಆ ಕಾಲದ ರೂಪಾಯಿ ಲೆಕ್ಕದಲ್ಲಿ ಏಳು ಸಾವಿರದ ಮಾಲು ಮೂವತ್ತು ಸಾವಿರ ಆದಂತೆ. ನಾವು ಕೊಳ್ಳುವ ದರ್ಜೆ ಅದಕ್ಕಿಂತ ಕೆಳಗಿನದು, ದರವೂ ಕಡಿಮೆ, ಆದರೆ ಏರಿಕೆಯ ಪ್ರಮಾಣ ಅದೇ. ಸ್ಪಂಜ್ ದರವೂ ಏರಿತ್ತು ನಿಜ. ಕಲ್ಲಿದ್ದಲಿನ ಓಟಕ್ಕೆ ಅದು ಹೊಂದಿಕೊಳ್ಳಲಿಲ್ಲ.

ಮೂರು ದಾರಿ

ಮಾರ್ಚ್ ಮೂರನೇ ವಾರ ಆಫೀಸಿನಲ್ಲಿ ಕೂತು ಮಾತಾಡಿದೆವು. ಸಿಕ್ಕ ದರಕ್ಕೆ ಆಫ್ರಿಕಾ ಮಾಲು ತಂದು ಎರಡೂ ಕಿಲ್ನ್ ನಡೆಸುವುದು ಒಂದು. ಎರಡನ್ನೂ ನಿಲ್ಲಿಸಿ ದರ ಇಳಿಯುವವರೆಗೆ ಕಾಯುವುದು ಇನ್ನೊಂದು. ಸಿಂಗರೇಣಿ ಮಾಲು ಬೆರೆಸಿ ಹೇಗೋ ದೂಡುವುದು ಮೂರನೆಯದು.

ನಿಲ್ಲಿಸುವುದು ಹೇಳಿದಷ್ಟು ಸುಲಭವಲ್ಲ. ತಣ್ಣಗಾದ ಕಿಲ್ನ್ ಅನ್ನು ಮತ್ತೆ ಬಿಸಿ ಮಾಡಲು ದಿನಗಟ್ಟಲೆ ಬೇಕು, ಡೀಸೆಲ್ ಬೇಕು, ಲೈನಿಂಗ್ ಬಿರುಕು ಬಿಡುವ ಭಯ ಬೇರೆ. ಮೊದಲ ದಾರಿಗೆ ಬ್ಯಾಂಕಿನ ಮಿತಿ ಸಾಲದು. ಮೊದಲು ಎರಡು ಹಡಗಿನ ಪಾಲಿಗೆ ಆಗುತ್ತಿದ್ದ ಹಣ ಈಗ ಅರ್ಧ ಪಾಲಿಗೆ. ಹೀಗೆ ಮೂರನೆಯದೇ ಗತಿಯಾಯಿತು.

ಸಿಂಗರೇಣಿ ಮಾಲೂ ಸುಲಭಕ್ಕೆ ಸಿಗಲಿಲ್ಲ. ಆ ಬೇಸಿಗೆ ದೇಶದಲ್ಲೇ ವಿದ್ಯುತ್ತಿಗೆ ಬರ. ಇರುವ ಕಲ್ಲಿದ್ದಲೆಲ್ಲ ಮೊದಲು ವಿದ್ಯುತ್ ಸ್ಥಾವರಕ್ಕೆ ಎಂಬ ತೀರ್ಮಾನವಾಗಿತ್ತು. ಏಪ್ರಿಲ್ ಕೊನೆಗೆ ಕಲ್ಲಿದ್ದಲು ರೇಕುಗಳಿಗೆ (ಗೂಡ್ಸ್ ರೈಲುಗಳಿಗೆ) ಹಳಿ ಬಿಟ್ಟುಕೊಡಲು ರೈಲ್ವೆ ಇಲಾಖೆ ನೂರಾರು ಪ್ಯಾಸೆಂಜರ್ ರೈಲು ಓಡಾಟ ರದ್ದು ಮಾಡಿತು. ಊರಿಗೆ ಬೆಳಕು ಬೇಕು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನಮ್ಮಂಥ ಸಣ್ಣ ಕಾರ್ಖಾನೆ ಹರಾಜಿನಲ್ಲಿ ಮೂಲ ದರದ ಮೇಲೆ ಬಹಳಷ್ಟು ಕೊಟ್ಟು ಹಿಡಿಯಬೇಕಾಯಿತು. ಹಾಗೂ ಹೀಗೂ ತಂದು, ಆಫ್ರಿಕಾ ಮಾಲಿನ ಜೊತೆ ಅರ್ಧಕ್ಕರ್ಧ ಬೆರೆಸಿದೆವು.

ಸಾಮಾನ್ಯವಾಗಿ ನಮ್ಮ ಕಿಲ್ನ್ ಒಮ್ಮೆ ಹಚ್ಚಿದರೆ ನೂರು ದಿನಕ್ಕೂ ಹೆಚ್ಚು ಓಡುತ್ತಿತ್ತು. ಬೆರಕೆ ಹಾಕಿದ ಮೇಲೆ ಎರಡನೇ ಕಿಲ್ನ್ ಮೂವತ್ತೆಂಟನೇ ದಿನಕ್ಕೆ ತಕರಾರು ಶುರು ಮಾಡಿತು. ರಾತ್ರಿ ಶಿಫ್ಟಿನ ಫೋರ್‌ಮನ್ ಕುಕನಪಳ್ಳಿ ಕಡೆಯವರು, ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವರು. ಎರಡು ಗಂಟೆ ಹೊತ್ತಿಗೆ ಫೋನ್ ಮಾಡಿ, "ಸರ, ಕಿಲ್ನ್ ಉಸಿರಾಡವಲ್ದು. ಗಂಟಲದಾಗ ಗಂಟು ಕಟ್ಟೇತಿ" ಅಂದರು. ಒಳಗಿನ ಒತ್ತಡ ಏರುತ್ತಿತ್ತು, ಮೇಲಿನ ತುದಿಯಿಂದ ಮಾಲು ಹಿಂದಕ್ಕೆ ಬೀಳುತ್ತಿತ್ತು. ಬೂದಿ ಮೆತ್ತಗಾಗಿ, ಅದಿರಿನ ಪುಡಿ ಅದಕ್ಕೆ ಅಂಟಿ, ಒಳಗೋಡೆಯ ಸುತ್ತ ಬಳೆಯ ಹಾಗೆ ಗಟ್ಟಿಯಾಗಿತ್ತು. ಅಕ್ರೀಶನ್ ಅನ್ನುತ್ತಾರೆ. ಅದು ಬೆಳೆದರೆ ಕಿಲ್ನ್ ನಿಲ್ಲಿಸುವುದೊಂದೇ ಉಪಾಯ.

ನಾಲ್ಕು ದಿನ ಆರಲು ಬಿಟ್ಟು ಬಾಗಿಲು ತೆಗೆದರು. ನಾನೂ ಹೋಗಿ ಇಣುಕಿದೆ. ಟಾರ್ಚ್ ಬೆಳಕಿನಲ್ಲಿ ಮೂರು ಮೀಟರ್ ಅಗಲದ ದಾರಿ ಒಂದಾಳು ನುಗ್ಗುವಷ್ಟು ಇಕ್ಕಟ್ಟಾಗಿತ್ತು. ಕಪ್ಪು, ನೇರಳೆ, ಅಲ್ಲಲ್ಲಿ ಗಾಜಿನ ಹೊಳಪು. ನಾಲ್ಕು ದಿನದ ಮೇಲೂ ಒಳಗಿನ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ಒದ್ದೆ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಇಬ್ಬಿಬ್ಬರು ಒಳಗೆ ಹೋಗಿ ಗಂಟು ಒಡೆಯುವ ಬ್ರೇಕರ್ ಯಂತ್ರ ಹಿಡಿಯುತ್ತಿದ್ದರು. ಹದಿನೈದು ನಿಮಿಷಕ್ಕೆ ಬದಲಿ. ಹೊರಗೆ ಬಂದವರು ಮಾತಾಡದೆ ನೆರಳಿಗೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಒಬ್ಬ ಹುಡುಗ, ಇಪ್ಪತ್ತೆರಡರ ಪ್ರಾಯ ಇರಬೇಕು, ಕೈ ನಡುಗಿ ಲೋಟ ಹಿಡಿಯಲಾಗದೆ ನೆಲಕ್ಕಿಟ್ಟ. ಆ ದೃಶ್ಯ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ಜಾಗತಿಕ ವ್ಯಾಪಾರದ ಬಗ್ಗೆ ಯಾರು ಎಷ್ಟೇ ಲೆಕ್ಕ ಹೇಳಲಿ, ನನಗೆ ಮೊದಲು ನೆನಪಾಗುವುದು ಆ ಲೋಟ.

ಗಂಟು ಒಡೆಯಲು ಒಂಬತ್ತು ದಿನ ಹಿಡಿಯಿತು. ಲೈನಿಂಗ್ ಎರಡು ಕಡೆ ಕಿತ್ತುಬಂದಿತ್ತು. ಅದನ್ನು ಸರಿಪಡಿಸಲು ಹಣವೂ ಇರಲಿಲ್ಲ, ಹಾಕಲು ಕಲ್ಲಿದ್ದಲೂ ಇರಲಿಲ್ಲ. ಎರಡನೇ ಕಿಲ್ನ್ ಅಲ್ಲಿಗೇ ನಿಂತಿತು.

ಮೇ 20, ಮೇ 21

ಇಷ್ಟರಲ್ಲಿ ಅದಿರಿನ ಕಡೆಯಿಂದಲೂ ಗಾಳಿ ಬೀಸಿತು. ಅದಕ್ಕೆ ಸ್ವಲ್ಪ ಹಿಂದಿನ ಕತೆ ಬೇಕು. 2010ಕ್ಕೆ ಮುಂಚೆ ಈ ಗುಡ್ಡಗಳ ಅದಿರು ಬೇಲೆಕೇರಿ, ಕಾರವಾರ, ಕೃಷ್ಣಪಟ್ಟಣಂ ಬಂದರುಗಳಿಂದ ಚೀನಾಕ್ಕೆ ಹೋಗುತ್ತಿತ್ತು. ಆ ಕೆಂಪು ಧೂಳಿನ ದಿನಗಳನ್ನು ಇಲ್ಲಿನವರಿಗೆ ಹೇಳಬೇಕಿಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ಕುರಿತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಮುಂದೆ ಗಣಿ ತೆರೆದರೂ ಅದಿರು ಮಾರಾಟ ಇ-ಹರಾಜಿನ ಮೂಲಕ, ದೇಶದೊಳಗೆ ಮಾತ್ರ. ನಮ್ಮಂಥ ಕಾರ್ಖಾನೆಗಳು ಉಸಿರಾಡಿದ್ದೇ ಆ ಕಟ್ಟಳೆಯ ನೆರಳಲ್ಲಿ.

2022ರ ಮೇ 20, ಶುಕ್ರವಾರ. ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರ ಪೀಠ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅದಿರನ್ನು ನೇರವಾಗಿ ಮಾರಲು, ರಫ್ತು ಮಾಡಲು ಅನುಮತಿ ಕೊಟ್ಟಿತು. ಗಣಿ ಮಾಲೀಕರಿಗೆ ಹಬ್ಬ. ಆ ಸಂಜೆ ನಮ್ಮ ಆಫೀಸಿನಲ್ಲಿ ಯಾರೂ ಚಹಾ ಮುಟ್ಟಲಿಲ್ಲ. ಕಲ್ಲಿದ್ದಲು ಆಯಿತು, ಇನ್ನು ಅದಿರೂ ಹಡಗು ಹತ್ತಿದರೆ ನಾವು ಏನು ಸುಡುವುದು?

ಮರುದಿನ ಶನಿವಾರ ಸಂಜೆ ಕೇಂದ್ರ ಸರ್ಕಾರದ ಪ್ರಕಟಣೆ ಬಂತು. ಯುದ್ಧದಿಂದ ಏರಿದ ಬೆಲೆ ಇಳಿಸಲು ಪೆಟ್ರೋಲ್ ಮೇಲಿನ ಅಬಕಾರಿ ಸುಂಕ 8 ರೂಪಾಯಿ, ಡೀಸೆಲ್ ಮೇಲೆ 6 ರೂಪಾಯಿ ಕಡಿತ. ಅದರ ಜೊತೆಗೇ ಅದಿರಿನ ರಫ್ತು ಸುಂಕ ಶೇ. 50, ಪೆಲೆಟ್ (ಅದಿರಿನ ಪುಡಿಯ ಉಂಡೆ) ಮೇಲೆ ಶೇ. 45, ಹಲವು ಉಕ್ಕಿನ ಉತ್ಪನ್ನಗಳ ಮೇಲೆ ಶೇ. 15. ಹೊರಗೆ ತೂಕದ ಕಟ್ಟೆಯ ಹತ್ತಿರ ಲಾರಿಯವರು ಡೀಸೆಲ್ ಇಳಿದದ್ದಕ್ಕೆ ಖುಷಿಪಟ್ಟರು. ಒಳಗೆ ನಾವೂ ನಿಟ್ಟುಸಿರು ಬಿಟ್ಟೆವು, ಅದಿರು ಇನ್ನು ಇಲ್ಲೇ ಉಳಿಯುತ್ತದೆ.

ಆ ಸಮಾಧಾನ ಸೋಮವಾರದವರೆಗೂ ಬಾಳಲಿಲ್ಲ. ರಫ್ತಿನ ಬಾಗಿಲು ಮುಚ್ಚುತ್ತಲೇ ದೇಶದೊಳಗೆ ಉಕ್ಕಿನ ದರ ಕುಸಿಯತೊಡಗಿತು, ಸ್ಪಂಜ್ ಅದರ ಬೆನ್ನಿಗೇ ಬಿತ್ತು. ಹಿಂದೂಪುರದ ಗಿರಾಕಿ ಒಪ್ಪಿದ್ದ ಎರಡು ಆರ್ಡರ್ ಕೈಬಿಟ್ಟರು. ಅದಿರು ಅಗ್ಗವಾದದ್ದು ನಿಜ, ಆದರೆ ಅಂಗಳದಲ್ಲಿದ್ದ ಸ್ಪಂಜ್ ದುಬಾರಿ ಕಲ್ಲಿದ್ದಲಿನಲ್ಲಿ ಆದದ್ದು. ಅದೇ ಪ್ರಕಟಣೆಯಲ್ಲಿ ಕೋಕಿಂಗ್ ಕಲ್ಲಿದ್ದಲಿನ ಶೇ. 2.5 ಆಮದು ಸುಂಕ ತೆಗೆದಿದ್ದರು. ದೊಡ್ಡ ಊದುಕುಲುಮೆಗಳಿಗೆ ಅದರಿಂದ ಸಹಾಯವಾಯಿತು. ನಾವು ಬಳಸುವ ಸಾದಾ ಕಲ್ಲಿದ್ದಲಿಗೆ ಆ ರಿಯಾಯಿತಿ ಇರಲಿಲ್ಲ. ಪಟ್ಟಿ ಮಾಡುವಾಗ ಕಿಲ್ನ್‌ನವರನ್ನು ಯಾರೂ ನೆನೆಸಿಕೊಂಡಂತೆ ಕಾಣಲಿಲ್ಲ. ಇದು ನನಗೆ ಆಗಲೂ ನೋವು, ಈಗಲೂ ನೋವು. ಜಗತ್ತಿನಲ್ಲಿ ಸ್ಪಂಜ್ ಐರನ್ ಅತಿ ಹೆಚ್ಚು ತಯಾರಿಸುವ ದೇಶ ನಮ್ಮದು. ಅದರ ದೊಡ್ಡ ಪಾಲು ಕಲ್ಲಿದ್ದಲು ಸುಡುವ ಇಂಥ ಕಿಲ್ನ್‌ಗಳಿಂದಲೇ ಬರುತ್ತದೆ.

ರಷ್ಯಾ ಮಾಲು ನಮಗೆ ಯಾಕೆ ಸಿಗಲಿಲ್ಲ

ಯುರೋಪ್ ಬಿಟ್ಟ ರಷ್ಯಾ ಕಲ್ಲಿದ್ದಲು ಎಲ್ಲೋ ಮಾಯವಾಗಲಿಲ್ಲ. ರಿಯಾಯಿತಿ ದರಕ್ಕೆ ಚೀನಾಕ್ಕೂ ಭಾರತಕ್ಕೂ ಬರತೊಡಗಿತು. ದೊಡ್ಡ ಕಂಪನಿಗಳು ಕೊಂಡವು. ಜೂನ್‌ನಲ್ಲಿ ನಮಗೂ ಒಬ್ಬ ವ್ಯಾಪಾರಿ ದರ ಕಳಿಸಿದ. ದರ ನೋಡಿ ಆಸೆಯಾಯಿತು. ಆದರೆ ಕೊಂಡರೆ ಇಡೀ ಹಡಗು, ಎಪ್ಪತ್ತು ಸಾವಿರ ಟನ್. ನಮ್ಮ ಕಾರ್ಖಾನೆಗೆ ಅದು ಒಂದು ವರ್ಷದ ಮಾಲು. ಬ್ಯಾಂಕ್ ಮ್ಯಾನೇಜರ್ ರಷ್ಯಾ ಹೆಸರು ಕೇಳುತ್ತಲೇ ಎಲ್‌ಸಿ (ಮಾರುವವರಿಗೆ ಬ್ಯಾಂಕ್ ಕೊಡುವ ಪಾವತಿ ಖಾತರಿ ಪತ್ರ) ಅರ್ಜಿಯನ್ನು ಪಕ್ಕಕ್ಕಿಟ್ಟರು, ಮೇಲಿನ ಕಚೇರಿಯನ್ನು ಕೇಳಬೇಕು ಎಂದರು. ಜುಲೈ 11ರಂದು ರಿಸರ್ವ್ ಬ್ಯಾಂಕ್ ರೂಪಾಯಿಯಲ್ಲೇ ವಿದೇಶಿ ವ್ಯಾಪಾರ ತೀರಿಸುವ ವ್ಯವಸ್ಥೆ ಪ್ರಕಟಿಸಿತು. ಸುತ್ತೋಲೆಯ ಪ್ರತಿ ಹಿಡಿದು ಮತ್ತೆ ಹೋದೆ. ಶಾಖೆಯವರಿಗೆ ಅದನ್ನು ಹೇಗೆ ಮಾಡುವುದೆಂಬ ಸೂಚನೆ ಇನ್ನೂ ಬಂದಿರಲಿಲ್ಲ. ಅದೇ ತಿಂಗಳು ಡಾಲರ್ 80 ರೂಪಾಯಿ ಮುಟ್ಟಿತು.

ಆಗಸ್ಟ್‌ನಲ್ಲಿ ಜರ್ಮನಿ ಮುಚ್ಚಲು ಇಟ್ಟಿದ್ದ ಕಲ್ಲಿದ್ದಲು ಸ್ಥಾವರಗಳಲ್ಲಿ ಮೊದಲನೆಯದನ್ನು ಮತ್ತೆ ಹಚ್ಚಿತು. ಅನಿಲ ಸಿಗದೆ ಚಳಿಗಾಲ ಹೇಗೆ ಕಳೆಯುವುದೆಂಬ ಭಯ ಅವರದು. ಅವರ ಮಕ್ಕಳಿಗೆ ಚಳಿಯಾಗಬಾರದು, ಅದರಲ್ಲಿ ತಪ್ಪೇನಿಲ್ಲ. ನನಗೆ ಹತ್ತಿದ ಯೋಚನೆ ಬೇರೆ. ಆರು ವರ್ಷ ನಾನು ಅಲ್ಲಾನಗರ, ಹಿರೇಬಗನಾಳದ ಕಾರ್ಖಾನೆಗಳು ಯಾವ ದರಕ್ಕೆ ಕೊಂಡವು ಎಂದು ವಿಚಾರಿಸಿ, ಅವರಿಗಿಂತ ನೂರು ರೂಪಾಯಿ ಕಡಿಮೆಗೆ ಹಿಡಿದರೆ ಗೆದ್ದೆ ಅಂದುಕೊಳ್ಳುತ್ತಿದ್ದೆ. ನಾನು ನಿಜಕ್ಕೂ ಯಾರ ಜೊತೆ ಪೈಪೋಟಿಯಲ್ಲಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ನಿಂತ ಕಿಲ್ನ್‌ನ ಸುತ್ತ

ಎರಡನೇ ಕಿಲ್ನ್‌ಗೆ ಗುತ್ತಿಗೆಯಲ್ಲಿ 46 ಜನ ಇದ್ದರು. ಮೊದಲ ತಿಂಗಳು ಅರ್ಧ ಕೂಲಿ ಕೊಟ್ಟೆವು. ಆಮೇಲೆ ಅದೂ ಆಗಲಿಲ್ಲ. ಬಿಹಾರ, ಒಡಿಶಾದ ಹುಡುಗರು ಜೂನ್‌ನಲ್ಲೇ ಗಂಟುಮೂಟೆ ಕಟ್ಟಿದರು. ಊರಿನವರಲ್ಲಿ ಕೆಲವರು ಮುಂಗಾರು ಬಿತ್ತನೆಗೆ ಹೊಲ ಸೇರಿದರು, ಹೊಲ ಇಲ್ಲದವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದರು. ನಮಗೆ ಕಲ್ಲಿದ್ದಲು ಹೊಡೆಯುತ್ತಿದ್ದ ಲಾರಿ ಮಾಲೀಕರೊಬ್ಬರು ಮೂರು ಕಂತು ಕಟ್ಟದೆ ಫೈನಾನ್ಸ್‌ನವರು ಗಾಡಿ ಎಳೆದೊಯ್ದರು. ಅವರ ತಾಯಿ ಗೇಟಿನ ಹತ್ತಿರ ಬಂದು, "ತಮ್ಮಾ, ಹಡಗು ಯಾವಾಗ ಬರತದಂತ?" ಎಂದು ಕೇಳಿದ್ದರು. ಸಮುದ್ರ ನೋಡದ ಮುದುಕಿ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಆ ತಿಂಗಳುಗಳಲ್ಲಿ ಪಕ್ಕದ ಊರಿನ ರೈತರೊಬ್ಬರು, "ಈ ಸಲ ಹತ್ತಿ ಬೆಳ್ಳಗ ಐತ್ರಿ" ಎಂದರು. ಕಾರ್ಖಾನೆಗಳ ಕರಿಬೂದಿ ಬೆಳೆಯ ಮೇಲೆ, ಮನೆಯ ಮಾಳಿಗೆಯ ಮೇಲೆ, ನೀರಿನ ತೊಟ್ಟಿಯಲ್ಲಿ ಬೀಳುವುದು ಈ ಭಾಗದ ಹಳೆಯ ಸಂಕಟ. ಕಿಲ್ನ್ ನಿಂತದ್ದಕ್ಕೆ ನಾನು ಮರುಗುತ್ತಿದ್ದಾಗ ಅದೇ ಕಾರಣಕ್ಕೆ ಒಬ್ಬರು ಉಸಿರಾಡಿದ್ದರು. ಅವರ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಈ ಪ್ರಕರಣದ ಲೆಕ್ಕದಲ್ಲಿ ಅದೂ ಸೇರಲೇಬೇಕು.

ಪಾಠ ಕಲಿತೆವೆಂದು ಮಾಡಿದ ಇನ್ನೊಂದು ತಪ್ಪು

ಅಕ್ಟೋಬರ್‌ನಲ್ಲಿ ದರ ಸ್ವಲ್ಪ ಇಳಿದಿತ್ತು. ಮಾರ್ಚ್‌ನ ಪೆಟ್ಟು ಹಸಿಯಾಗಿತ್ತಲ್ಲ, ಈ ಸಲ ಯಜಮಾನರೇ ಮುಂದಾಗಿ, "ನಲವತ್ತೈದು ದಿನದ ಮಾಲು ಎತ್ತಿ ಹಾಕು" ಎಂದರು. ಮನೆಯ ಒಡವೆಯನ್ನೂ ಸೇರಿಸಿ ಹಣ ಹೊಂದಿಸಿದರು. ಯುರೋಪಿನ ಚಳಿಗಾಲದಲ್ಲಿ ದರ ಮತ್ತೆ ಏರುತ್ತದೆಂದು ಎಲ್ಲರೂ ಹೇಳುತ್ತಿದ್ದರು. ಆ ವರ್ಷ ಯುರೋಪಿನಲ್ಲಿ ಚಳಿ ಕಡಿಮೆಯಾಯಿತು, ಅವರ ದಾಸ್ತಾನು ತುಂಬಿಹೋಯಿತು. 2023ರ ಮಾರ್ಚ್ ಹೊತ್ತಿಗೆ ರಿಚರ್ಡ್ಸ್ ಬೇ ದರ ಅಕ್ಟೋಬರ್‌ನ ಅರ್ಧದಷ್ಟಕ್ಕೆ ಬಂದಿತ್ತು. ನಮ್ಮ ಅಂಗಳದ ರಾಶಿ ಮಾತ್ರ ಹಳೆಯ ದರದ್ದು. ಪಕ್ಕದವರು ಹೊಸ ಮಾಲಿನಲ್ಲಿ ಅಗ್ಗಕ್ಕೆ ಸ್ಪಂಜ್ ಮಾಡುತ್ತಿದ್ದಾಗ ನಾವು ಟನ್ನಿಗಿಷ್ಟು ಎಂದು ಕಳೆದುಕೊಳ್ಳುತ್ತಾ ಹೋದೆವು. ಆ ವರ್ಷದ ನಷ್ಟದಲ್ಲಿ ಕಲ್ಲಿದ್ದಲು ಸಿಗದೆ ಆದದ್ದೆಷ್ಟು, ಹೆದರಿ ಕೊಂಡದ್ದರಿಂದ ಆದದ್ದೆಷ್ಟು ಎಂದು ಲೆಕ್ಕ ತೆಗೆದಾಗ ಎರಡೂ ಹೆಚ್ಚುಕಡಿಮೆ ಸಮ ಬಂದವು.

ದಾಸ್ತಾನು ಹೆಚ್ಚಿಸಿ ಎಂದು ಈಗಲೂ ಬಹಳ ಮಂದಿ ಸಲಹೆ ಕೊಡುತ್ತಾರೆ. ದೊಡ್ಡವರಿಗೆ ಅದು ಸರಿ. ಸಾಲದ ಹಣದಲ್ಲಿ ನಡೆಯುವ ಸಣ್ಣ ಕಾರ್ಖಾನೆಗೆ ದಾಸ್ತಾನೂ ಒಂದು ಜೂಜೇ. ನನ್ನ ಅಭಿಪ್ರಾಯದಲ್ಲಿ ನಮಗೆ ಬೇಕಿದ್ದದ್ದು ಎರಡು: ಹಡಗು ತಿರುಗಿದರೆ ವ್ಯಾಪಾರಿ ಬೇರೆ ಮಾಲು ಕೊಡಬೇಕು, ಇಲ್ಲವೇ ದರದ ವ್ಯತ್ಯಾಸ ತುಂಬಿಕೊಡಬೇಕು ಎಂಬ ಲಿಖಿತ ಕರಾರು, ಮತ್ತು ಅಂಥ ಕರಾರಿಗೆ ವ್ಯಾಪಾರಿ ಒಪ್ಪುವಷ್ಟು ದೊಡ್ಡ ಖರೀದಿ. ಎರಡನೆಯದಿಲ್ಲದೆ ಮೊದಲನೆಯದು ಸಿಗುವುದಿಲ್ಲ. ಒಂಟಿಯಾಗಿ 3,000 ಟನ್ ಕೊಳ್ಳುವವನ ಕರಾರಿಗೆ ಯಾರೂ ಸಹಿ ಹಾಕುವುದಿಲ್ಲ.

ನವೆಂಬರ್ 19ರಿಂದ ರಫ್ತು ಸುಂಕ ಮೇ ತಿಂಗಳ ಮೊದಲಿನ ಸ್ಥಿತಿಗೆ ಮರಳಿತು. ಉಕ್ಕಿನ ದರ ನಿಧಾನ ಚೇತರಿಸಿತು. 2023ರ ಜನವರಿಯಲ್ಲಿ ಗವಿಮಠದ ಜಾತ್ರೆ ಮುಗಿದ ಮೇಲೆ ಎರಡನೇ ಕಿಲ್ನ್‌ನ ಲೈನಿಂಗ್ ಕೆಲಸ ಹಿಡಿದೆವು. ಕೆಲಸಗಾರರ ಹೆಸರಿನ ಹಳೆಯ ಪಟ್ಟಿ ಮುಂದಿಟ್ಟುಕೊಂಡು ನಾನೇ ಒಬ್ಬೊಬ್ಬರಿಗೂ ಫೋನ್ ಮಾಡಿದೆ. 46ರಲ್ಲಿ 27 ಜನ ಬಂದರು. ಲೋಟ ನೆಲಕ್ಕಿಟ್ಟ ಹುಡುಗ ಬರಲಿಲ್ಲ. ಬೆಂಗಳೂರಿನಲ್ಲಿ ಲಿಫ್ಟ್ ಜೋಡಿಸುವ ಕೆಲಸ ಸಿಕ್ಕಿತ್ತಂತೆ. "ಅಲ್ಲಿ ಒಳಗ ಹೋಗೂದು ಇಲ್ಲ ಸರ" ಅಂದ.

ಆ ಬೇಸಿಗೆ ಸುತ್ತಲಿನ ಏಳು ಕಾರ್ಖಾನೆಗಳ ಖರೀದಿಯವರು ಹೊಸಪೇಟೆಯಲ್ಲಿ ಸೇರಿ, ಎಲ್ಲರೂ ಕೂಡಿ ಮೂರು ತಿಂಗಳಿಗೊಂದು ಹಡಗು ನೇರವಾಗಿ ತರಿಸುವ ಬಗ್ಗೆ ಮಾತಾಡಿದೆವು. ಬೂದಿ ಎಷ್ಟಿರಬೇಕು, ಲ್ಯಾಬ್ ಯಾವುದು, ಬಂದರು ಯಾವುದು ಎಲ್ಲ ಒಂದೇ ದಿನದಲ್ಲಿ ಒಪ್ಪಿಗೆಯಾಯಿತು. ಎಲ್‌ಸಿ ಯಾರ ಹೆಸರಿನಲ್ಲಿ ತೆಗೆಯುವುದು ಎಂಬಲ್ಲಿ ಮಾತು ನಿಂತಿತು. ಒಬ್ಬರ ಹೆಸರಿನಲ್ಲಿ ತೆಗೆದರೆ ಉಳಿದವರು ಹಣ ಕಟ್ಟದಿದ್ದರೆ ಗತಿ ಏನು ಎಂಬ ಪ್ರಶ್ನೆ. ಕೊಪ್ಪಳದ ಒಬ್ಬ ವಕೀಲರು ಕೂಡುಖರೀದಿಯ ಕರಡು ಬರೆದುಕೊಟ್ಟರು, ಹನ್ನೊಂದು ಪುಟ. ಏಳರಲ್ಲಿ ನಾಲ್ವರು ಸಹಿ ಹಾಕಿದ್ದಾರೆ. ಇನ್ನು ಮೂವರ ಸಹಿ ಆಗಬೇಕು.